ಯಜಮಾನಿ, ಸೋಮಾರಿ

ಜನವರಿ 11

ಪ್ರೀತಿಯ ಪುಟ್ಟಿ,

‘ಹಿಂದಕ್ಕೆ ಹರಿದ ಹೊಳೆಗೆ ದಾರಿ ಕೇಳಬೇಡ’ ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ, ಪೂರ್ತಿ ಹೀಗೇ ಇತ್ತೋ, ನೆನಪಿಲ್ಲ. ಅದಿರಲಿ, ಯಾವ ಹೊಳೆ ತಾನೇ ಹಿಂದಕ್ಕೆ ಹರಿಯುತ್ತದೆ? ಕವಿತೆ ಬರೆಯುವವರಿಗೆ ಇಂಥ ಸುಳ್ಳು ಹೇಳುವ ಸಲಿಗೆ ಇದೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಹೋದ ವಾರ ಬಂದ ನಿನ್ನ ಪತ್ರದಲ್ಲಿ ನೀನೂ ಅದನ್ನೇ ಹೇಳಿದ್ದೀಯ. ನಮ್ಮ ತೋಳಿನಿಂದ ತೆಗೆದ ಚರ್ಮದ ಚೂರು ಈಗ ಚರ್ಮವಾಗಿ ಉಳಿದಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಏನು ಬೇಕಾದರೂ ಆಗಬಲ್ಲ ಆಕರಕೋಶವಾಗಿದೆ. ಅದನ್ನು ಈಗ ನಿಮ್ಮ ಪ್ರಯೋಗಾಲಯದಲ್ಲಿ ಅಂಡದ ಕಡೆಗೆ ಹೋಗುವ ದಾರಿಯ ಮೊದಲ ಮೆಟ್ಟಿಲು ಹತ್ತಿಸಿ ನೋಡುತ್ತಿದ್ದೀರಿ.

ಓದಿ, ಮಡಿಸಿಟ್ಟು, ಉತ್ತರಪತ್ರಿಕೆ ತಿದ್ದಲು ಕೂತವಳು ಯಾವುದೋ ಹುಡುಗನಿಗೆ ಖಾಲಿ ಹಾಳೆಗೂ ಅಂಕ ಕೊಟ್ಟುಬಿಟ್ಟೆ.

ನೀನು ಈ ವಿಷಯವನ್ನು ಎಷ್ಟು ಹಗುರವಾಗಿ ಬರೆದಿದ್ದೀಯ ಪುಟ್ಟಿ. ಮೂವತ್ತು ದಾಟುತ್ತಿದ್ದಂತೆ ನನಗೆ ಮುಟ್ಟು ನಿಂತದ್ದು ನಿನಗೆ ಗೊತ್ತು. ಡಾಕ್ಟರು ‘ದಾಸ್ತಾನು ಮುಗಿದಿದೆ’ ಎಂದಿದ್ದರು, ಅಂಗಡಿಯವರ ಹಾಗೆ. ಹಾಗೆ ಬಾಗಿಲು ಹಾಕಿದ ಅಂಗಡಿಯ ತೋಳಿನ ಚರ್ಮ ಈಗ ಅಂಡದ ದಾರಿ ಹಿಡಿದಿದೆ ಎಂದರೆ ನಾನು ಹೇಗೆ ಸುಮ್ಮನಿರಲಿ? ನಾವಿಬ್ಬರೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತು ತೋಳು ಕೊಟ್ಟವರು. ನನ್ನದೇನಾಯಿತು, ನಿನ್ನದೇನಾಯಿತು, ಬಿಡಿಸಿ ಬರೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು ಮೂರನೇ ಮಾತಿಗೆ ಅಮ್ಮ ಯಾರನ್ನು ಹೆಚ್ಚು ಮುದ್ದು ಮಾಡಿದಳು ಎನ್ನುವಲ್ಲಿಗೆ ಬಂದು ನಿಲ್ಲುತ್ತೇವೆ.

ನಿನ್ನ ಅಕ್ಕ


ಜನವರಿ 24

ಪ್ರೀತಿಯ ಅಕ್ಕ,

ಅಮ್ಮ ಮುದ್ದು ಮಾಡಿದ್ದು ನಿನ್ನನ್ನೇ. ಆ ಮಾತು ಮುಗಿಯಿತು, ಈಗ ಕೆಲಸದ ಮಾತು.

ಚರ್ಮ ಕೊಟ್ಟ ಹೆಂಗಸರು ಯಾರ್ಯಾರೆಂದು ನಮಗೆ ತಿಳಿಯಬಾರದು. ಪಾಲಕರು ಎಂದು ಒಬ್ಬರಿದ್ದಾರೆ, ಕೊಟ್ಟವರ ಹೆಸರುಗಳೆಲ್ಲ ಅವರ ಹತ್ತಿರ ಬೀಗದಲ್ಲಿ. ನಮ್ಮ ಕೈಗೆ ಬರುವುದು ಬರೀ ಸಂಖ್ಯೆ. ಸಂಖ್ಯೆಯ ಜೊತೆ ದಿನವಿಡೀ ಹೇಗೆ ಬದುಕುವುದು? ಅದಕ್ಕೆ ನಾವೇ ಅಡ್ಡಹೆಸರು ಇಟ್ಟುಕೊಂಡಿದ್ದೇವೆ. ಒಬ್ಬಳು ಅಳುಮುಂಜಿ, ಸ್ವಲ್ಪ ತಂಪಾದರೂ ಸಾಯುತ್ತಾಳೆ. ಒಬ್ಬಳು ಸೋಮಾರಿ, ಎಷ್ಟು ಉಣಿಸಿದರೂ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಒಬ್ಬಳು ಯಜಮಾನಿ.

ಕೆಲಸ ಹೀಗೆ: ದುಂಡು ತಳದ ಪುಟ್ಟ ಗುಳಿಗಳಲ್ಲಿ ಆಕರಕೋಶಗಳನ್ನು ಒಟ್ಟಿಗೆ ಕೂರಿಸುತ್ತೇವೆ. ಅವು ಸಾಸಿವೆಗಿಂತ ಚಿಕ್ಕ ಉಂಡೆ ಕಟ್ಟುತ್ತವೆ. ಗರ್ಭದಲ್ಲಿ, ತಾಯಿಗೇ ತಾನು ತಾಯಿ ಎಂದು ಇನ್ನೂ ಸರಿಯಾಗಿ ಗೊತ್ತಿರದ ಮೊದಲ ವಾರಗಳಲ್ಲಿ, ಯಾವ ಪ್ರೋಟೀನುಗಳು ‘ಈ ಕಡೆ ಬಾ’ ಎಂದು ಕರೆಯುತ್ತವೆಯೋ ಅವನ್ನೇ ಗುಳಿಗೆ ಹಾಕುತ್ತೇವೆ. ಬಹುಪಾಲು ಕೋಶಗಳು ಬೇರೆ ಏನೇನೋ ಆಗಿಹೋಗುತ್ತವೆ. ಕೆಲವು ಮಾತ್ರ ಆ ಕರೆ ಕೇಳಿಸಿಕೊಳ್ಳುತ್ತವೆ. ಗುರುತು ಹಚ್ಚಿ ನೋಡಿದರೆ ಅಂಥವು ಹಸಿರಾಗಿ ಹೊಳೆಯುತ್ತವೆ. ಅವು ಅಂಡವಲ್ಲ, ವೀರ್ಯವೂ ಅಲ್ಲ. ಎರಡಕ್ಕೂ ಮೊದಲಿನ ಕೋಶ. ನಾವು ಅಲ್ಲಿಗೇ ನಿಲ್ಲಿಸುತ್ತೇವೆ. ಅಂಡ ಮಾಡುವುದಿಲ್ಲ, ಮಾಡಲು ಬರುವುದೂ ಇಲ್ಲ. ಹಾಗಾಗಿ ತಲೆಯಲ್ಲಿ ತೊಟ್ಟಿಲು ತೂಗಬೇಡ. ನಿನ್ನಂಥವರಿಗೆ ದಾಸ್ತಾನು ಬೇಗ ಮುಗಿಯುವುದೇಕೆ, ತಪ್ಪುವುದು ಆರಂಭದಲ್ಲೋ ಆಮೇಲೋ, ಅಷ್ಟನ್ನು ತಿಳಿಯುವುದು ನಮ್ಮ ಆಸೆ.

ಯಜಮಾನಿಯ ಉಂಡೆ ಮಾತ್ರ ಪ್ರತಿ ಸಲವೂ ಹಸಿರು. ಪಕ್ಕದ ಗುಳಿಯವರು ಏನು ಮಾಡುತ್ತಿದ್ದಾರೆ ಎಂದು ನೋಡುವುದಿಲ್ಲ, ತನ್ನ ಕೆಲಸ ತಾನು ಮುಗಿಸುತ್ತಾಳೆ. ನಿಯಮದ ಪ್ರಕಾರ ನನಗೆ ಗೊತ್ತಿಲ್ಲ. ಆದರೆ ನಿನ್ನ ಬೆನ್ನಿಗೆ ಬಿದ್ದವಳಿಗೆ ನಿನ್ನ ಗತ್ತು ತಿಳಿಯದೇ? ಯಜಮಾನಿ ನೀನೇ ಅಕ್ಕ.

ಸೋಮಾರಿ ಯಾರಿರಬಹುದು ಎಂದು ನೀನೇ ಊಹಿಸಿಕೋ.

ಪುಟ್ಟಿ


ಫೆಬ್ರವರಿ 9

ಪುಟ್ಟಿ,

ನಿನ್ನ ಪತ್ರವನ್ನು ನಿನ್ನ ಭಾವನಿಗೆ ಜೋರಾಗಿ ಓದಿ ಹೇಳಿದೆ. ಅವರು ಕನ್ನಡಕದ ಗಾಜು ಉಜ್ಜುತ್ತಾ, “ಯಜಮಾನಿ ಅಂತ ಸರಿಯಾಗೇ ಇಟ್ಟಿದಾಳೆ ಹೆಸರು. ನನ್ನ ಕನ್ನಡಕದ ಅಂಗಡೀಗೆ ಬಂದು ನನಗೇ ಕಣ್ಣು ಪರೀಕ್ಷೆ ಮಾಡೋದು ಕಲಿಸೋಳು ನೀನು” ಅಂದರು. ಆಮೇಲೆ ಎದ್ದು ಹೋಗಿ ಟೀ ಮಾಡಿ ತಂದರು. ಮದುವೆಯಾದ ಮೇಲೆ ಅವರಾಗಿಯೇ ಟೀ ಮಾಡಿದ್ದು ಎರಡೋ ಮೂರೋ ಸಲ.

ತೊಟ್ಟಿಲು ತೂಗುತ್ತಿಲ್ಲ, ಹೆದರಬೇಡ. ಆದರೆ ಒಂದು ಮಾತು. ಇಷ್ಟು ವರ್ಷ ಮನೆಗೆ ಬಂದವರೆಲ್ಲ ನನ್ನ ಪುಸ್ತಕದ ಕಪಾಟು ನೋಡಿ ‘ಇವೇ ನಿಮ್ಮ ಮಕ್ಕಳು’ ಅನ್ನುತ್ತಿದ್ದರು. ನಾನೂ ಹೂಂ ಅನ್ನುತ್ತಿದ್ದೆ. ಈಗ ಹಾಗೆ ಅಂದರೆ ಒಳಗೆ ಸಣ್ಣಗೆ ನಗು ಬರುತ್ತದೆ. ನಿಮಗೇನು ಗೊತ್ತು, ಎಲ್ಲೋ ಒಂದು ಬೆಚ್ಚಗಿನ ಪೆಟ್ಟಿಗೆಯಲ್ಲಿ ನಾನು ಹಸಿರಾಗಿ ಹೊಳೆಯುತ್ತಿದ್ದೇನೆ ಎಂದು.

ಒಂದು ಫೋಟೋ ಕಳಿಸು. ನೀನು ದಿನಾ ಮುಚ್ಚಳ ತೆಗೆದು ನೋಡುವವಳು. ನನ್ನದನ್ನು ನಾನು ಒಮ್ಮೆಯೂ ನೋಡಿಲ್ಲ. ನಿನ್ನೆ ಪಾಠ ಮಾಡುತ್ತಿದ್ದಾಗ, ಈ ಹೊತ್ತಿಗೆ ನೀನು ಅವಳಿಗೆ ಉಣಿಸುತ್ತಿರಬಹುದು ಎಂದು ಹೊಳೆದು, ಓದಿದ ಸಾಲನ್ನೇ ಮತ್ತೆ ಓದಿದೆ. ನಿನಗೆ ಮಗಳಿದ್ದಾಳೆ. ನನ್ನದೂ ನಿನ್ನ ಕೈಯಲ್ಲೇ ಬೆಳೆಯಬೇಕೇ?

ಮತ್ತೆ, ನಿನ್ನ ಸೋಮಾರಿಯ ಬಗ್ಗೆ ಬೇಸರ ಮಾಡಿಕೊಳ್ಳಬೇಡ ಕಣೇ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ.

ಅಕ್ಕ


ಫೆಬ್ರವರಿ 27

ಅಕ್ಕ,

ಫೋಟೋ ಇಟ್ಟಿದ್ದೇನೆ. ಯಾರಿಗೂ ತೋರಿಸಬೇಡ. ಕಪ್ಪಿನ ನಡುವೆ ಹಸಿರು ಚುಕ್ಕೆಗಳ ಗುಂಪು ಕಾಣುತ್ತದಲ್ಲ, ಅಷ್ಟೇ. ಮೂಗು, ಕಣ್ಣು ಹುಡುಕಬೇಡ.

ನೀನು ಸಮಾಧಾನ ಹೇಳಿದ್ದು ಓದಿದೆ. ಬಹಳ ದೊಡ್ಡ ಮನಸ್ಸು ನಿನ್ನದು.

‘ನಿನ್ನ ಕೈಯಲ್ಲೇ ಬೆಳೆಯಬೇಕೇ’ ಎಂದು ಕೇಳಿದ್ದೀಯ. ಇಲ್ಲಿಗೆ ಬಂದು ಒಂದು ವಾರ ಮಾಡಿ ನೋಡು. ಭಾನುವಾರವೂ ಬರಬೇಕು, ಹಳೆಯ ಆಹಾರ ಹೀರಿ ತೆಗೆದು ಹೊಸದು ಹಾಕಬೇಕು. ಉಸಿರು ತಾಗಬಾರದು, ಕೂದಲು ಬೀಳಬಾರದು, ಕೈ ನಡುಗಬಾರದು. ಬೆನ್ನು ಹಿಡಿದುಕೊಂಡು ಮನೆಗೆ ಹೋದರೆ ನನ್ನ ಮಗಳು ಮರಿ ಬಾಗಿಲಲ್ಲೇ ನಿಂತು, “ಅಮ್ಮ, ನಾನೂ ಹೋಗಿ ಆ ಗುಳೀಲಿ ಕೂತ್ರೆ ಭಾನುವಾರ ನನ್ನನ್ನೂ ನೋಡ್ಕೋತೀಯಾ?” ಅನ್ನುತ್ತಾಳೆ. ಯಜಮಾನಿಯ ಮೇಲೆ ಅವಳಿಗೆ ಸವತಿಮಾತ್ಸರ್ಯ.

ಈ ಕೋಶಗಳ ಒಂದು ಗುಣ ನಿನಗೆ ಹೇಳಬೇಕು, ನಿನಗೆ ಹಿಡಿಸುತ್ತದೆ. ದೇಹದ ಉಳಿದ ಕೋಶಗಳೆಲ್ಲ ಅಪ್ಪ ಅಮ್ಮನಿಂದ ಬಂದ ಕೆಲವು ರಾಸಾಯನಿಕ ಗುರುತುಗಳನ್ನು ಸಾಯುವವರೆಗೂ ಹೊತ್ತು ತಿರುಗುತ್ತವೆ. ಇವು ಮಾತ್ರ ದಾರಿಯಲ್ಲಿ ಒಂದೊಂದಾಗಿ ಅಳಿಸಿಕೊಳ್ಳುತ್ತಾ ಹೋಗುತ್ತವೆ. ಯಾರ ಮುದ್ದಿನ ಮಗಳು ಎಂಬುದನ್ನು ಮರೆತರೆ ಮಾತ್ರ ಮುಂದಿನದು ಸಾಧ್ಯ ಎಂಬ ಹಾಗೆ. ನಮ್ಮಿಬ್ಬರಿಗೆ ಅದು ಬರಲಿಲ್ಲ ನೋಡು.

ಶಾಲೆಗೆ ರಜೆ ಬಂದಾಗ ಮರಿಯನ್ನು ನಿನ್ನ ಹತ್ತಿರ ಕಳಿಸಲೇ? ಎರಡು ವಾರ ಇಟ್ಟುಕೋ. ನಿನಗೂ ಮನೆ ತುಂಬಿದ ಹಾಗಿರುತ್ತದೆ.

ಪುಟ್ಟಿ


ಏಪ್ರಿಲ್ 14

ಪುಟ್ಟಿ,

ಮರಿಯನ್ನು ಇವತ್ತು ಬೆಳಗಿನ ಬಸ್ಸಿಗೆ ಹತ್ತಿಸುತ್ತಿದ್ದೇನೆ. ನಿನ್ನ ಭಾವ ಜೊತೆಗೇ ಬರುತ್ತಿದ್ದಾರೆ, ಈ ಪತ್ರವೂ ಅವರ ಕೈಯಲ್ಲೇ. ಅವಳ ಮೇಲೆ ರೇಗಬೇಡ. ಅವಳದೇನೂ ತಪ್ಪಿಲ್ಲ.

ನೀನು ಕಳಿಸಿದ ಫೋಟೋವನ್ನು ನಾನು ಮಲಗುವ ಕೋಣೆಯ ಕನ್ನಡಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದೆ. ಮೊನ್ನೆ ಸಂಜೆ ಇಬ್ಬರೂ ಬಟ್ಟೆ ಮಡಿಸುತ್ತಿದ್ದೆವು. ಮರಿ ಅದನ್ನು ನೋಡಿದಳು.

“ಇದು ಯಜಮಾನಿ ಅಲ್ವಾ ದೊಡ್ಡಮ್ಮ? ಅಮ್ಮಂದು.”

“ಅಮ್ಮಂದಲ್ಲ ಕಣೆ, ನಂದು.”

“ಇಲ್ಲ ದೊಡ್ಡಮ್ಮ. ಅಮ್ಮ ಅಪ್ಪಂಗೆ ಹೇಳ್ತಿದ್ಲು, ಅದು ನಂದೇ ಇರ್ಬೇಕು, ಮಗು ಹೆತ್ತೋಳು ನಾನು ತಾನೆ ಅಂತ. ಅಕ್ಕಂಗೆ ನಿಂದೇ ಅಂತ ಬರ್ದಿದೀನಿ, ಪಾಪ, ಖುಷಿಯಾಗಿರ್ಲಿ ಅಂತ.” ಆಮೇಲೆ ನನ್ನ ಮುಖ ನೋಡಿ, “ಹೇಳ್ಬಾರ್ದಿತ್ತಾ?” ಅಂದಳು.

“ಹೇಳ್ಬೇಕಿತ್ತು ಮರಿ. ನಿಮ್ಮನೇಲಿ ನೆಟ್ಟಗೆ ಮಾತಾಡೋಳು ನೀನೊಬ್ಳೇ.”

ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಆ ‘ಪಾಪ’ ಇದೆಯಲ್ಲ, ಅದಕ್ಕೆ. ನೀನು ಚಿಕ್ಕವಳಿದ್ದಾಗ ಆಟದಲ್ಲಿ ಬೇಕೆಂದೇ ಸೋತು, ನಾನು ಗೆದ್ದೆ ಎಂದು ಕುಣಿಯುವುದನ್ನು ನೋಡಿ ಅಮ್ಮನ ಕಡೆ ಕಣ್ಣು ಹೊಡೆಯುತ್ತಿದ್ದೆ. ಈಗಲೂ ಅದೇ ಆಟ. ನಾನು ಇಲ್ಲಿ ಕುಣಿಯುತ್ತಿದ್ದೆ, ನೀನು ಅಲ್ಲಿ ಗಂಡನ ಕಡೆ ಕಣ್ಣು ಹೊಡೆಯುತ್ತಿದ್ದೆ. ಸೋಮಾರಿಗೆ ಸಮಾಧಾನ ಹೇಳಿ ನಾನು ಬರೆದ ಸಾಲನ್ನು ನೀವಿಬ್ಬರೂ ಓದಿ ನಕ್ಕಿರಬೇಕು.

ಗರ್ಭದಲ್ಲಿ ನೀನು ಗೆದ್ದೆ. ಸರಿ, ಅದು ನಿನ್ನ ಅದೃಷ್ಟ. ಗಾಜಿನ ತಟ್ಟೆಯಲ್ಲೂ ನೀನೇ ಗೆದ್ದು, ಗೆಲುವನ್ನು ನನಗೆ ಭಿಕ್ಷೆ ಹಾಕುವುದು ಬೇಡ. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು ಎಂದು ಅಂದು ಸಹಿ ಹಾಕುವಾಗ ಹೇಳಿದ್ದರು. ನಿಮ್ಮ ಪಾಲಕರಿಗೆ ಬರೆದಿದ್ದೇನೆ, ನನ್ನದನ್ನು ತೆಗೆದುಹಾಕಿ ಎಂದು. ಸೋಮಾರಿ ಹೋದರೆ ನಿನಗೇನೂ ನಷ್ಟವಿಲ್ಲ. ನೀನು ಅವಳನ್ನು ಪ್ರತಿ ದಿನ ಮುಟ್ಟುತ್ತೀಯ ಎಂಬ ಯೋಚನೆಯೊಂದು ನನಗೆ ತಪ್ಪುತ್ತದೆ.

ಅಕ್ಕ


ಏಪ್ರಿಲ್ 22

ಅಕ್ಕ,

ಮರಿ, ಭಾವ ಇಬ್ಬರೂ ಸುಖವಾಗಿ ಬಂದು ತಲುಪಿದರು. ಭಾವ ಮರುದಿನವೇ ಹೊರಟರು. ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಜಾಸ್ತಿ. ಕೆಲಸದಲ್ಲಿ ಸ್ವಲ್ಪ ಗಡಿಬಿಡಿ ಇದೆ, ಮತ್ತೆ ಬರೆಯುತ್ತೇನೆ.

ಪುಟ್ಟಿ


ಏಪ್ರಿಲ್ 30

ಪುಟ್ಟಿ,

ಇಷ್ಟು ಚುಟುಕಾಗಿ ನೀನು ಬರೆದದ್ದು ನನಗೆ ನೆನಪಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಿನ್ನ ಭಾವನನ್ನು ಕೇಳಿದರೆ, “ಊಟಕ್ಕೆ ಬಡಿಸಿದ್ಲು, ಬಸ್ಸಿಗೆ ಬಿಟ್ಲು, ಮಾತೇ ಆಡ್ಲಿಲ್ಲ. ನಿಮ್ಮಿಬ್ರ ಹೊಟ್ಟೆಕಿಚ್ಚಿಗೆ ಕನ್ನಡಕ ಮಾಡೋಕೆ ನನಗೆ ಬರಲ್ಲ ಮಾರಾಯ್ತಿ, ನನ್ನ ಬಿಟ್ಬಿಡಿ” ಅನ್ನುತ್ತಾರೆ.

ಪಾಲಕರು ಫೋನ್ ಮಾಡಿದ್ದರು. ಒಳ್ಳೆಯ ಮನುಷ್ಯ, ಮೆತ್ತಗಿನ ದನಿ. ನನ್ನದನ್ನೆಲ್ಲ ಹೊರತೆಗೆದು ಶೀತಲ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಕೇಳಿ, ಆಗಲೂ ಬೇಡವೆಂದರೆ ನಾಶ ಮಾಡುತ್ತಾರಂತೆ. ಅಂದರೆ ನಿನಗೆ ಒಂದು ತಟ್ಟೆಯ ಕೆಲಸ ಕಡಿಮೆಯಾಗಿದೆ. ಮರಿಗೆ ಒಂದು ಭಾನುವಾರ ಸಿಕ್ಕಿರಬೇಕು.

ಮತ್ತೇಕೆ ಸುಮ್ಮನಿದ್ದೀಯ? ಸೋಮಾರಿಗಾಗಿ ಯಾರಾದರೂ ಇಷ್ಟು ದುಃಖಪಡುತ್ತಾರೆಯೇ?

ಅಕ್ಕ


ಮೇ 6

ಅಕ್ಕ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನ ಪತ್ರ ಕೈಸೇರಿದ ಮೂರು ದಿನಕ್ಕೆ ಪಾಲಕರು ಕೈಗವಸು ಹಾಕಿಕೊಂಡು ನಮ್ಮ ಕೋಣೆಗೆ ಬಂದರು. ಚರ್ಮ ಕೊಟ್ಟವರೊಬ್ಬರು ವಾಪಸ್ ಕೇಳಿದ್ದಾರೆ ಎಂದರು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ನಿನ್ನ ಪತ್ರ ನನ್ನ ಚೀಲದಲ್ಲೇ ಇತ್ತು. ನಾನು ಮೊದಲೇ ಸೋಮಾರಿಯ ತಟ್ಟೆಯನ್ನು ತೆಗೆದು ಬದಿಗಿಟ್ಟಿದ್ದೆ. ಅದನ್ನು ಅವರ ಮುಂದೆ ಹಿಡಿದೆ.

“ಅದಲ್ಲ ಮೇಡಂ, ಪಕ್ಕದ್ದು.”

“ಇನ್ನೊಂದ್ಸಲ ನೋಡಿ ಸರ್.”

“ನೋಡ್ಕೊಂಡೇ ಬಂದಿದೀನಿ. ಪಕ್ಕದ್ದೇ.”

ಪಕ್ಕದಲ್ಲಿದ್ದದ್ದು ಯಜಮಾನಿ.

ನಾನು ನಿನಗೆ ಹೇಳಿದ ಸುಳ್ಳು ಸುಳ್ಳಾಗಿರಲಿಲ್ಲ ಅಕ್ಕ. ಸುಳ್ಳು ಹೇಳಿಕೊಂಡದ್ದು ನನಗೆ ನಾನೇ. ಅವರು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಟ್ರೇಯಲ್ಲಿ ಇಟ್ಟುಕೊಳ್ಳುವಾಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ದುಃಖವೂ ಅಲ್ಲ. ಹೊಟ್ಟೆಕಿಚ್ಚು. ಓದಿನಲ್ಲಿ ನೀನು ಮುಂದೆ, ಅಮ್ಮನ ಮಡಿಲಲ್ಲಿ ನೀನು ಮುಂದೆ. ಇದೊಂದರಲ್ಲಿ ನಾನು ಮುಂದೆ ಎಂದು ಒಳಗೊಳಗೇ ಗಂಟು ಕಟ್ಟಿ ಇಟ್ಟುಕೊಂಡಿದ್ದೆ. ಅದೂ ಹೋಯಿತು. ನನ್ನ ಮಗಳು ಮನೆಯಲ್ಲಿ ಕುಣಿದಾಡಿಕೊಂಡಿದ್ದಾಳೆ, ಆ ತಟ್ಟೆಗೂ ಅವಳಿಗೂ ಸಂಬಂಧವಿಲ್ಲ, ನನ್ನ ಚರ್ಮದ ಕೋಶ ತಟ್ಟೆಯಲ್ಲಿ ಮುಂದೆ ಹೋಗದಿದ್ದರೆ ನನ್ನ ಬಸಿರಿಗೆ ಕಳಂಕವೂ ಅಲ್ಲ. ಇಷ್ಟೆಲ್ಲ ಬೇರೆಯವರಿಗೆ ಪಾಠ ಹೇಳುವವಳು ನಾನು. ಆದರೂ ಆ ವಾರವೆಲ್ಲ, ಹಾಗಾದರೆ ಇವಳೇ ನಾನಿರಬೇಕು ಎಂದುಕೊಂಡು ಸೋಮಾರಿಗೆ ಉಣಿಸುವಾಗ ಅವಳ ಮುಖಕ್ಕೆ ತಿವಿಯಬೇಕು ಅನ್ನಿಸುತ್ತಿತ್ತು. ಅದಕ್ಕೇ ಚುಟುಕಾಗಿ ಬರೆದೆ. ಉದ್ದ ಬರೆದಿದ್ದರೆ ನಿನಗೆ ಶಾಪ ಹಾಕಿರುತ್ತಿದ್ದೆ.

ನಿನಗೆ ಸೇರಬೇಕಾದ ಇನ್ನೊಂದು ಮಾತಿದೆ. ನಿನ್ನ ಕೋಶಗಳಿಗೆ ಆ ಮೊದಲ ಹೆಜ್ಜೆ ಬರುತ್ತದೆ. ಚೆನ್ನಾಗಿ ಬರುತ್ತದೆ. ಹಾಗಾದರೆ ತಪ್ಪಿದ್ದು ಆರಂಭದಲ್ಲಿ ಅಲ್ಲದಿರಬಹುದು. ನೀನು ಸರಿಯಾಗಿಯೇ ಹೊರಟಿದ್ದೆ, ಕೆಟ್ಟದ್ದು ಆಮೇಲೆ, ಎಲ್ಲೋ ದಾರಿಯಲ್ಲಿ. ಒಬ್ಬಳದನ್ನು ನೋಡಿ ಹಾಗೆಂದು ಹೇಳಲಾಗದು ಎಂದು ನಮ್ಮ ಮುಖ್ಯಸ್ಥೆ ಎಚ್ಚರಿಸುತ್ತಾರೆ. ಅದಕ್ಕೇ ಮತ್ತೆ ಮತ್ತೆ ನೋಡಬೇಕಿತ್ತು, ಯಜಮಾನಿಯನ್ನೇ ಇಟ್ಟುಕೊಂಡು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳಿಲ್ಲದೆ ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಉಳಿಯುವುದು ಅಳುಮುಂಜಿಯೂ ಸೋಮಾರಿಯೂ.

ಕೊಟ್ಟವರ ಮನಸ್ಸು ತಿರುಗಿಸಲು ನಾವು ಒಂದು ಮಾತೂ ಆಡಬಾರದು ಎಂದು ನಿಯಮ. ಈ ಪತ್ರವೇ ತಪ್ಪು. ಆದ್ದರಿಂದ ನಿನ್ನನ್ನು ಏನೂ ಕೇಳುವುದಿಲ್ಲ. ಪಾಲಕರು ಫೋನ್ ಮಾಡಿದಾಗ ನಿನಗೆ ತೋಚಿದ್ದು ಹೇಳು. ‘ಪಾಪ’ ಅಂದದ್ದಕ್ಕೆ ಮಾತ್ರ ಕ್ಷಮಿಸು. ಈಗ ಆ ಮಾತನ್ನು ನೀನು ನನಗೆ ಅನ್ನಬಹುದು.

ಪುಟ್ಟಿ


ಮೇ 15

ಪುಟ್ಟಿ,

ನಿನಗೆ ‘ಪಾಪ’ ಅನ್ನಲು ಬಾಯಿ ತೆರೆದೆ, ಬರಲಿಲ್ಲ. ನೀನು ಹೊಟ್ಟೆಕಿಚ್ಚು ಪಟ್ಟೆ ಎಂದು ಓದಿದಾಗ ನನಗಾದ ಸಂತೋಷ ಎಷ್ಟು ದೊಡ್ಡದಿತ್ತೆಂದರೆ, ಅದರಲ್ಲಿ ಪಾಪಕ್ಕೆ ಜಾಗವಿರಲಿಲ್ಲ. ಆಮೇಲೆ ‘ನೀನು ಸರಿಯಾಗಿಯೇ ಹೊರಟಿದ್ದೆ’ ಎಂಬ ಸಾಲಿಗೆ ಬಂದೆ. ಅಲ್ಲಿ ನಿಂತೆ. ಇಷ್ಟು ವರ್ಷ, ನನ್ನನ್ನು ಮಾಡುವಾಗಲೇ ಅಮ್ಮನ ಹೊಟ್ಟೆಯಲ್ಲಿ ಏನೋ ಮರೆತುಹೋಗಿತ್ತು ಎಂದೇ ತಿಳಿದಿದ್ದೆ. ಅಮ್ಮನ ಮೇಲೆ ಆ ಸಿಟ್ಟೂ ಇತ್ತು, ಯಾರಿಗೂ ಹೇಳಿರಲಿಲ್ಲ. ಒಬ್ಬಳದನ್ನು ನೋಡಿ ಹೇಳಲಾಗದು ಎಂದಿದ್ದೀಯ. ಸರಿ, ಹೇಳಬೇಡ. ಅಷ್ಟು ಅನುಮಾನವೇ ಸಾಕು ನನಗೆ.

ಆದರೂ ಎರಡು ದಿನ ನನ್ನ ಮನಸ್ಸು ನಾಶ ಮಾಡಿ ಎನ್ನುವ ಕಡೆಗೇ ವಾಲಿತ್ತು. ಈಗ ಅವಳು ನಿಜವಾಗಿ ನನ್ನವಳು ಎಂದು ಗೊತ್ತಾದ ಮೇಲೆ ನಿನ್ನ ಕೈಗೆ ಕೊಡುವುದು ಇನ್ನೂ ಕಷ್ಟವಾಯಿತು. ಸೋಮಾರಿಯನ್ನು ಬಿಟ್ಟುಕೊಡುವುದು ಸುಲಭವಿತ್ತು. ಹೊಳೆಯುವವಳನ್ನು ನೀನು ಉಣಿಸಿ, ನಿನ್ನ ಹೆಸರಿನಲ್ಲಿ ಲೇಖನ ಬರೆದು, ಸಭೆಗಳಲ್ಲಿ ಅವಳ ಫೋಟೋ ತೋರಿಸುತ್ತೀಯ ಎಂದುಕೊಂಡರೆ ನಿದ್ದೆ ಬರುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಪಾಲಕರು ಫೋನ್ ಮಾಡಿದರು. ಇರಲಿ, ಅವಳನ್ನು ಮತ್ತೆ ಬೆಚ್ಚಗಿನ ಪೆಟ್ಟಿಗೆಗೇ ಕಳಿಸಿ ಎಂದು ಹೇಳಿದ್ದೇನೆ. ನಾಳೆಯೋ ನಾಡಿದ್ದೋ ನಿನ್ನ ಮೇಜಿಗೆ ಬರಬಹುದು.

ಇದನ್ನು ನನ್ನ ದೊಡ್ಡತನ ಎಂದು ತಿಳಿಯಬೇಡ. ಫೋನ್ ಬರುವ ಸ್ವಲ್ಪ ಮುಂಚೆ ಎದುರು ಮನೆಯ ಟೈಲರಮ್ಮ, ನಿನ್ನ ಭಾವನ ಪ್ಯಾಂಟು ಉದ್ದ ಕಡಿಮೆ ಮಾಡಿ ಕೊಡಲು ಬಂದಿದ್ದಳು. ಒಳಗೆ ಬಾ ಅಂದರೆ ಬರುವವಳಲ್ಲ, ಚಪ್ಪಲಿಯಲ್ಲೇ ಬಾಗಿಲಿಗೆ ಒರಗಿ ನಿಂತಳು.

“ಏನ್ ಟೀಚರೇ, ಮುಖ ಯಾಕೆ ಹೀಗಿದೆ?”

ಯಾರಿಗಾದರೂ ಹೇಳಬೇಕಿತ್ತು, ಹೇಳಿಬಿಟ್ಟೆ. ಅವಳಿಗೆ ಆಕರಕೋಶ, ಗುಳಿ ಎಲ್ಲ ಎಷ್ಟು ಅರ್ಥವಾಯಿತೋ ತಿಳಿಯದು. ಪ್ಯಾಂಟಿನ ತುದಿಯಲ್ಲಿ ಉಳಿದಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

“ಒಟ್ನಲ್ಲಿ ನಿಮ್ದು ಚೆನ್ನಾಗಿ ಬರ್ತಿದೆ, ತಂಗೀದು ಬರ್ತಿಲ್ಲ. ಅಷ್ಟೇ ತಾನೆ?”

“ಅಷ್ಟೇ.”

“ದಿನಾ ಅದಕ್ಕೆ ಮಾಡಿ ಹಾಕೋದು ತಂಗೀನೇ?”

“ಅವಳೇ. ಭಾನುವಾರವೂ.”

ದಾರವನ್ನು ಹಲ್ಲಿನಿಂದ ಕಡಿದು, ಪ್ಯಾಂಟನ್ನು ನನ್ನ ಕೈಗಿಟ್ಟು ಅಂದಳು: “ಮತ್ತೆ ತೆಗ್ಸಿ ಹಾಕೋಕೆ ನಿಮಗೇನು ಹುಚ್ಚಾ ಟೀಚರೇ? ಅಲ್ಲೇ ಇರ್ಲಿ ಬಿಡಿ. ದಿನಾ ನೋಡಿ ನೋಡಿ ಅವರ ಹೊಟ್ಟೇನೂ ಒಂಚೂರು ಉರೀಲಿ.”